ಕನ್ನಡಿ ಮಡಚುವ ಕೆಲಸ

ಅಪ್ಪಾ,

ಚನ್ನಗಿರಿ ಪೇಟೆಯ ಈ ಇಕ್ಕಟ್ಟು ಬೀದಿಗೆ ನಮ್ಮ ಅಂಗಡಿಯ ಕಟ್ಟೆ, ಕಂಬಗಳನ್ನು ಒಂದು ಮೊಳ ಮುಂದೆ ತಂದವನು ನೀನು. ಆಮೇಲೆ ಅದೇ ಕಟ್ಟೆಯ ಮೇಲೆ ಕೂತು, ಬಂದ ಗಾಡಿಗಳ ಪಕ್ಕದ ಕನ್ನಡಿ ಕಂಬಕ್ಕೆ ತಗುಲದಂತೆ ಮಡಚುತ್ತಿದ್ದವನೂ ನೀನೇ. ಮರ್ಯಾದೆ ಹೋಗುತ್ತೆ, ಒಳಗೆ ಬಾ ಎಂದು ನಾನು ದಿನಾ ರೇಗುತ್ತಿದ್ದೆ.

ಇವತ್ತು ಅಡಿಕೆ ಚೀಲ ತುಂಬಿದ ಗೂಡ್ಸ್ ಆಟೋ ಕಂಬಕ್ಕೆ ಉಜ್ಜಿ ಕನ್ನಡಿ ಪುಡಿಯಾಯಿತು.

"ಕಣ್ಣು ಕಾಣಲ್ವೇನೋ?" ಎಂದೆ.

"ಅಜ್ಜ ಮಡಚ್ತಾರೆ ಅನ್ಕಂಡು ಬಂದೆ ಸಾರ್. ಎಲ್ಲಿ ಅವ್ರು?"

ನೀನು ತೀರಿಕೊಂಡು ಮೂರು ತಿಂಗಳಾಯಿತೆಂದು ಇವನಿಗೂ ನಾನೇ ಹೇಳಬೇಕು!

ಅವನು ಹೋದ ಮೇಲೆ ಕಾರೊಂದು ಬಂದು ಹಾರ್ನ್ ಹೊಡೆಯಿತು. ನಿನ್ನನ್ನೇ ಬೈದುಕೊಳ್ಳುತ್ತಾ ಕಟ್ಟೆಯ ಮೇಲೆ ಕೂತು ಕನ್ನಡಿ ಮಡಚಿದೆ. ಕಾರಿನವನು ಈ ಕಡೆ ನೋಡಲೂ ಇಲ್ಲ.

"ಬರ್ತೀನಿ ಅಜ್ಜಾ" ಅಂದು ಹೋದ.