ಕೋರ್ಸ್ ಮುಗಿಸು ಎಂದಿದ್ದೆ

ತಾರೀಖು ೯, ಸೋಮವಾರ
ಅಂಗಡಿಯ ಮೇಲಿನ ಕೋಣೆಯಿಂದ

ಪ್ರೀತಿಯ ಚೂಟಿ,

ಹೇಗಿದ್ದೀಯ? ನಾನು ಈಗ ಚೆನ್ನಾಗಿದ್ದೇನೆ. ‘ಈಗ’ ಎಂದದ್ದನ್ನೇ ಹಿಡಿದುಕೊಂಡು ಗಾಬರಿಯಾಗಬೇಡ, ಪೂರ್ತಿ ಓದು. ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದೆ ನಾಲ್ಕು ತಿಂಗಳಾಯಿತು. ಬೈದುಕೊಂಡಿರುತ್ತೀಯ, ಇನ್ನೊಂದಿಷ್ಟು ಬೈ, ಬೇಜಾರಿಲ್ಲ. ಎರಡರಲ್ಲೂ ನೀನು ‘ಈ ಸಲವಾದರೂ ಬರಲಾ ಅಕ್ಕ?’ ಎಂದು ಕೇಳಿದ್ದೆ. ಮೊದಲ ಮೂರು ತಿಂಗಳ ತಡಕ್ಕೆ ನನ್ನ ಸೋಮಾರಿತನ ಕಾರಣ, ಸದ್ಯಕ್ಕೆ ಹಾಗೆಂದೇ ಇಟ್ಟುಕೊ. ನಾಲ್ಕನೆಯದಕ್ಕೆ ನನ್ನ ಎಡಗಡೆಯ ಮೂತ್ರಪಿಂಡ ಕಾರಣ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನ್ ಹಿಡಿದರೆ ನನಗೆ ಅಂಗಡಿಯ ದನಿಯೇ ಬರುತ್ತದೆ, ‘ಊಟಕ್ಕೆ ಮೊದಲೋ ಆಮೇಲೋ’ ಎನ್ನುವ ದನಿ. ಈ ಕಾಗದದಲ್ಲಿ ನಿನಗೊಂದು ಮಾತು ಹೇಳುವುದಿದೆ. ಹೇಳಿದ ಮೇಲೆ ನೀನು ನನಗೆ ಮತ್ತೆ ಬರೆಯುತ್ತೀಯೋ ಇಲ್ಲವೋ ಗೊತ್ತಿಲ್ಲ. ಅದಕ್ಕೇ ಮೊದಲು ಸುದ್ದಿಗಳನ್ನು ಮುಗಿಸುತ್ತೇನೆ.

ಹೋದ ತಿಂಗಳು ಚಳಿ ಜ್ವರ ಬಂತು. ಎರಡು ದಿನ ನನ್ನದೇ ಅಂಗಡಿಯ ಜ್ವರದ ಮಾತ್ರೆ ನುಂಗಿ ಓಡಾಡಿದೆ. ಔಷಧಿ ಅಂಗಡಿಯವಳು ಡಾಕ್ಟರ ಬಾಗಿಲಿಗೆ ಹೋಗುವುದೆಂದರೆ ಅಡುಗೆಯವನು ಪಕ್ಕದ ಮನೆಗೆ ಊಟಕ್ಕೆ ಹೋದ ಹಾಗೆ, ನಾಚಿಕೆ. ಮೂರನೆಯ ದಿನ ಯಾರಿಗೋ ಕೆಮ್ಮಿನ ಸಿರಪ್ ಕೊಡುತ್ತಿದ್ದವಳು ಬಾಟಲಿ ಹಿಡಿದುಕೊಂಡೇ ನೆಲಕ್ಕೆ ಕುಸಿದೆ. ಅಂಗಡಿಯ ಇನ್ನರ್ಧದಲ್ಲಿ ಗಡಿಯಾರ ರಿಪೇರಿ ಮಾಡುತ್ತ ಕೂತಿದ್ದ ನಿನ್ನ ಭಾವ ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ ತೆಗೆಯುವುದನ್ನೂ ಮರೆತು ನನ್ನನ್ನು ಆಸ್ಪತ್ರೆಗೆ ಹೊತ್ತೊಯ್ದರು. ಅಲ್ಲಿದ್ದ ನರ್ಸು ಮೊದಲು ಅವರನ್ನೇ ರೋಗಿ ಎಂದುಕೊಂಡಳಂತೆ.

ಸೋಂಕು ಮೂತ್ರಪಿಂಡದಿಂದ ರಕ್ತಕ್ಕೂ ಇಳಿದಿತ್ತು. ಮೊದಲು ಕೊಟ್ಟ ಔಷಧಿ ನಾಟಲಿಲ್ಲ. ಪರೀಕ್ಷೆಯ ಚೀಟಿ ಬಂದ ಮೇಲೆ ಡಾಕ್ಟರಮ್ಮ ಬಂದಳು. ನಿನ್ನ ವಯಸ್ಸಿನವಳು, ನಿನ್ನ ಹಾಗೆಯೇ ಕೂದಲನ್ನು ಗಂಟು ಹಾಕಿ ಪೆನ್ನು ಚುಚ್ಚಿಕೊಂಡಿದ್ದಳು. "ಈ ಮಾತ್ರೆ ನಾನು ಸುಮ್‌ಸುಮ್ನೆ ಬರೆಯೋದಿಲ್ಲ. ನಿಮ್ಮ ಕ್ರಿಮಿಗೆ ಬೇರೆ ಮಾತ್ರೆ ಯಾವುದೂ ಹಿಡೀತಿಲ್ಲ, ಇದು ಹಿಡಿಯುತ್ತೆ. ಅದಕ್ಕೇ ಕೊಡ್ತಿದೀನಿ" ಎಂದಳು.

ಚೀಟಿ ನೋಡಿದೆ. ಫ್ಲೋರೊಕ್ವಿನೋಲೋನ್ ಎಂಬ ಆಂಟಿಬಯಾಟಿಕ್ ಗುಂಪಿನ ಮಾತ್ರೆ. ಇಪ್ಪತ್ತೆಂಟು ವರ್ಷದಿಂದ ಮಾರುತ್ತಿರುವ ಮಾತ್ರೆ, ಆದರೂ ಹೆಸರನ್ನು ಎರಡು ಸಲ ಓದಿದೆ.

ಅವಳು ಕೇಳಿದ ಪ್ರಶ್ನೆಗಳನ್ನು ನೋಡಬೇಕಿತ್ತು. ಸ್ಟೀರಾಯ್ಡ್ ತಗೊಳ್ತಿದೀರಾ? ಹಿಂದೆ ಹಿಮ್ಮಡಿಯ ನರದ ತೊಂದರೆ ಇತ್ತಾ? ಎದೆ ಬಡಿತ ಏರುಪೇರಾಗುತ್ತಾ? ಫಿಟ್ಸ್ ಬಂದಿತ್ತಾ? ಹೊಟ್ಟೆಯ ದೊಡ್ಡ ರಕ್ತನಾಳ ಊದಿದೆ ಅಂತ ಯಾರಾದರೂ ಹೇಳಿದ್ದರಾ? ಸಕ್ಕರೆ ಕಾಯಿಲೆಯ ಮಾತ್ರೆ ಇದೆಯಾ? ಇದೆ ಎಂದೆ. "ಹಾಗಾದ್ರೆ ಸಕ್ಕರೆ ದಿಢೀರ್ ಅಂತ ಇಳೀಬಹುದು, ದಿನಾ ನೋಡ್ಕೊಳ್ಳಿ" ಎಂದಳು. ಬಿಟ್ಟರೆ ಒಂದನೇ ತರಗತಿಯಲ್ಲಿ ನಾನು ತೆಗೆದ ಅಂಕವನ್ನೂ ಕೇಳುತ್ತಿದ್ದಳು. ನನಗೆ ನಗು ಬರಬೇಕಿತ್ತು. ಬರಲಿಲ್ಲ. ಇಷ್ಟು ಪ್ರಶ್ನೆಗಳನ್ನು ಇಪ್ಪತ್ತೆಂಟು ವರ್ಷದಲ್ಲಿ ನಾನು ಯಾರಿಗೂ ಕೇಳಿರಲಿಲ್ಲ.

ಮನೆಗೆ ಕಳಿಸಿದ ಮೇಲೆ ಮಾತ್ರೆಯ ಉಸ್ತುವಾರಿ ನಿನ್ನ ಭಾವನದು. ಗಡಿಯಾರದವರಿಗೆ ಹೊತ್ತಿನ ಅಧಿಕಾರ ಕೊಟ್ಟರೆ ಕೇಳಬೇಕೆ? ಮಾತ್ರೆ ನುಂಗಿ ಎರಡು ಗಂಟೆಯಾಗುವವರೆಗೆ ನನ್ನ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ, ಹೊಟ್ಟೆ ಉರಿಗೆ ಕುಡಿಯುವ ಗುಲಾಬಿ ಔಷಧಿ, ಎಲ್ಲವೂ ಅವರ ಮೇಜಿನ ಖಾನೆಯಲ್ಲಿ ಬಂದಿ. ಅವುಗಳಲ್ಲಿ ಯಾವುದನ್ನಾದರೂ ನಾನು ಮೊದಲೇ ತೆಗೆದುಕೊಂಡಿದ್ದರೆ ಮಾತ್ರೆಯೇ ಆರು ಗಂಟೆ ಕಾಯಬೇಕು. ಇಲ್ಲವಾದರೆ ಅವು ಹೊಟ್ಟೆಯಲ್ಲಿ ಮಾತ್ರೆಯನ್ನು ಹಿಡಿದುಕೊಂಡುಬಿಡುತ್ತವೆ, ರಕ್ತಕ್ಕೆ ಬಿಡುವುದಿಲ್ಲ. "ಒಂದು ಲೋಟ ಹಾಲಿನ ಜೊತೆ ನುಂಗಲಾ?" ಎಂದರೆ, "ನೀರು, ಬರೀ ನೀರು, ಲೋಟ ತುಂಬ" ಎನ್ನುತ್ತಾರೆ. ಈ ಮಾತ್ರೆ ನುಂಗುವಾಗ ಬಿಸಿಲಿಗೆ ಚರ್ಮ ಸುಡುತ್ತದೆಂದು ಕಿಟಕಿಗೆ ಪರದೆ ಎಳೆದಿದ್ದಾರೆ. ಈ ಮಬ್ಬಿನಲ್ಲಿ ಕೂತು ಮೆಟ್ಟಿಲಿನ ಸದ್ದು ಕೇಳುವುದೇ ನನ್ನ ಕೆಲಸವಾಗಿದೆ.

ನೀನು ಎರಡೆರಡು ಮೆಟ್ಟಿಲು ಹಾರಿ ಹತ್ತುತ್ತಿದ್ದೆ. ಹದಿನಾಲ್ಕು ಮೆಟ್ಟಿಲಿಗೆ ಏಳೇ ಹೆಜ್ಜೆ. ಕೆಳಗೆ ಗಿರಾಕಿಗಳು ಬೆಚ್ಚಿ ಮೇಲೆ ನೋಡುತ್ತಿದ್ದರು, ನಾನು "ನಮ್ಮ ಚೂಟಿ" ಎನ್ನುತ್ತಿದ್ದೆ, ಬೈದ ಹಾಗೆ, ಆದರೆ ಹೆಮ್ಮೆಯಿಂದ. ಅಮ್ಮ ಹೋದ ಮೇಲೆ ಹದಿನೇಳು ವರ್ಷ ಚಿಕ್ಕವಳಾದ ನಿನ್ನನ್ನು ನಾನೇ ತಾನೇ ಬೆಳೆಸಿದ್ದು. ಆ ಏಳು ಹೆಜ್ಜೆಯನ್ನು ಇನ್ನೊಮ್ಮೆ ಕೇಳಬೇಕೆಂದು ಜೀವ ಎಷ್ಟು ಹಂಬಲಿಸುತ್ತದೆ ಗೊತ್ತಾ? ಭಾವ ಕರೆಯುತ್ತಿದ್ದಾರೆ, ಮಾತ್ರೆಯ ಹೊತ್ತು.

ಗುರುವಾರ

ಕಾಗದ ಅರ್ಧಕ್ಕೇ ನಿಂತಿತು. ಮಂಗಳವಾರ ಬೆಳಿಗ್ಗೆ ಮೆಟ್ಟಿಲು ಇಳಿಯುವಾಗ ಮೂರನೆಯದರಲ್ಲಿ ಬಲಗಾಲಿನ ಹಿಮ್ಮಡಿಯ ಹಿಂದೆ ಎಳೆದಂತಾಯಿತು. ಬೆರಳಿಂದ ಒತ್ತಿದೆ. ಜೀವ ಹೋಗುವಷ್ಟು ನೋವು. ಭಾವ ಕೆಳಗಿನಿಂದ "ಏನಾಯ್ತೇ?" ಎಂದರು. ನನ್ನ ಬಾಯಿಂದ ಏನು ಬಂತು ಗೊತ್ತಾ? "ಏನಿಲ್ಲ ರೀ, ಇನ್ನು ನಾಲ್ಕೇ ಮಾತ್ರೆ, ಕೋರ್ಸ್ ಮುಗಿಸಿಬಿಡ್ತೀನಿ."

ಹೇಳಿದವಳು ಅಲ್ಲೇ ಕೂತುಬಿಟ್ಟೆ. ಹನ್ನೊಂದು ವರ್ಷದ ಹಿಂದೆ ಇದೇ ಮೆಟ್ಟಿಲಿನ ಮೇಲೆ ಇದೇ ಮಾತನ್ನು ನಿನಗೆ ಹೇಳಿದ್ದೆ.

ಡಾಕ್ಟರಮ್ಮನಿಗೆ ಫೋನ್ ಮಾಡಿಸಿದೆ. "ಇನ್ನು ಒಂದು ಮಾತ್ರೆಯನ್ನೂ ನುಂಗ್ಬೇಡಿ. ಕಾಲಿನ ಮೇಲೆ ಭಾರ ಹಾಕ್ಬೇಡಿ, ಉಜ್ಜಬೇಡಿ, ಈಗ್ಲೇ ಬನ್ನಿ" ಎಂದಳು. ನರ, ಅಂದರೆ ಮೀನಖಂಡವನ್ನು ಹಿಮ್ಮಡಿಗೆ ಕಟ್ಟುವ ಹುರಿ, ಹರಿದಿರಲಿಲ್ಲ, ಊದಿಕೊಂಡಿತ್ತು. ಈಗ ದಿನಕ್ಕೊಂದು ಬೇರೆ ಔಷಧಿಯ ಇಂಜೆಕ್ಷನ್ ಹಾಕಿ ಸೋಂಕನ್ನು ಮುಗಿಸುತ್ತಿದ್ದಾಳೆ. "ಬೇಗ ಹೇಳಿದ್ರಿ, ಬಚಾವಾದ್ರಿ. ಮಧ್ಯೆ ನಿಲ್ಲಿಸಬಾರದು ಅಂತ ಎಷ್ಟೋ ಜನ ನೋವಲ್ಲೇ ನುಂಗ್ತಾ ಹೋಗ್ತಾರೆ" ಎಂದಳು. 

ಈಗ ಹೇಳುತ್ತೇನೆ, ಕೇಳು. ರಾಜ್ಯ ತಂಡದ ಆಯ್ಕೆಯ ಓಟಕ್ಕೆ ಹತ್ತು ದಿನ ಇರುವಾಗ ನಿನಗೆ ಗಂಟಲು ನೋವು ಬಂತು. ಬಿಸಿನೀರು ಕುಡಿದು ಐದು ದಿನ ಮಲಗಿದ್ದರೆ ತಾನೇ ಹೋಗುವ ನೋವು. ನನಗೆ ಅಷ್ಟು ತಾಳ್ಮೆ ಇರಲಿಲ್ಲ. ಡಾಕ್ಟರಿಗೆ ತೋರಿಸದೆ ಕಪಾಟಿನಿಂದ ನಾನೇ ತೆಗೆದು ಕೊಟ್ಟೆ. ಈಗ ನಾನು ನುಂಗಿದ್ದೇ ಮಾತ್ರೆ. ಗಂಟಲಿನ ಊತ ಬೇಗ ಇಳಿಯಲೆಂದು ಜೊತೆಗೆ ಸ್ಟೀರಾಯ್ಡ್ ಬೇರೆ. ಅವೆರಡೂ ಸೇರಿದರೆ ನರಕ್ಕೆ ಅಪಾಯ ಇನ್ನೂ ಹೆಚ್ಚು. ನಾಲ್ಕನೆಯ ದಿನ ನೀನು ಮೆಟ್ಟಿಲ ಮೇಲೆ ಕೂತು ಷೂ ಕಟ್ಟುತ್ತ, "ಅಕ್ಕ, ಹಿಮ್ಮಡಿ ಯಾಕೋ ಎಳೀತಿದೆ" ಎಂದೆ. ನಾನು, "ಓಡೋರಿಗೆ ಕಾಲು ನೋಯದೆ ಮೂಗು ನೋಯುತ್ತಾ? ನೀನು ಕೋರ್ಸ್ ಮುಗಿಸು" ಎಂದೆ. ಇಬ್ಬರೂ ನಕ್ಕೆವು.

ಎರಡು ದಿನಕ್ಕೆ ಮೈದಾನದಲ್ಲಿ ನಿನ್ನ ಹಿಮ್ಮಡಿಯ ನರ ಪಟ್ಟೆಂದು ಹರಿಯಿತು. ಓಟದ ಮೇಷ್ಟ್ರು ಅಂದು ಬೆಳಿಗ್ಗೆ ಹೆಚ್ಚು ಓಡಿಸಿದ್ದರಿಂದಲೇ ಹೀಗಾಯಿತೆಂದು ಎಲ್ಲರೂ ಅಂದರು, ನಾನೂ ಅಂದೆ. ಆಸ್ಪತ್ರೆಯಲ್ಲಿ ನೀನು ಅವರ ಮುಖಕ್ಕೇ, "ನನ್ನ ಕಾಲು ಕಿತ್ಕೊಂಡೋರು ನೀವು" ಎಂದಾಗ ನಾನು ನೀರಿನ ಬಾಟಲಿ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಆಗ ನನಗೆ ಗೊತ್ತಿರಲಿಲ್ಲ, ಇದನ್ನು ನಂಬು. ಎರಡು ವರ್ಷದ ಮೇಲೆ ಆ ಮಾತ್ರೆಯ ಡಬ್ಬಿಯೊಳಗಿನ ಎಚ್ಚರಿಕೆಯ ಹಾಳೆಯನ್ನು ಗಲ್ಲಾದಲ್ಲಿ ನಿಂತು ಮೊದಲ ಸಲ ಪೂರ್ತಿ ಓದಿದೆ. ಅವತ್ತು ಗೊತ್ತಾಯಿತು. ಗೊತ್ತಾಗಿ ಒಂಬತ್ತು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಕೂತೆ. ತಪ್ಪಿಗಿಂತ ಅದೇ ದೊಡ್ಡದು.

ಭಾನುವಾರ

ನಿನ್ನೆ ಮೇಷ್ಟ್ರು ಬಂದಿದ್ದರು. ನಿನ್ನ ಓಟ ನಿಂತ ಮೇಲೆ ಅವರು ಯಾರನ್ನೂ ಓಡಿಸಲಿಲ್ಲ, ನಿನಗೆ ಗೊತ್ತು. ಈಗ ಈಜುಕೊಳದ ಬಾಗಿಲಲ್ಲಿ ಟಿಕೆಟ್ ಹರಿಯುತ್ತಾರೆ. ತಿಂಗಳಿಗೊಮ್ಮೆ ರಕ್ತದೊತ್ತಡದ ಮಾತ್ರೆಗೆ ನನ್ನ ಅಂಗಡಿಗೇ ಬರುತ್ತಾರೆ. ಬಂದಾಗಲೆಲ್ಲ ಒಂದೇ ಪ್ರಶ್ನೆ: "ನಮ್ಮ ಹುಡುಗಿ ಕಾಗದ ಬರೆದ್ಲಾ?"

ನಿನ್ನೆ ಕೇಳಿದಾಗ ಎಲ್ಲ ಹೇಳಿದೆ. ಭಾವ ದಿನಾ ಕೆಳಗೆ ಹೊತ್ತು ತಂದು ಕೂರಿಸುವ ಕುರ್ಚಿಯಲ್ಲಿ ಕೂತೇ ಹೇಳಿದೆ, ಎದ್ದು ನಿಲ್ಲುವ ಹಾಗಿಲ್ಲವಲ್ಲ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದರೆ ಹಗುರಾಗುತ್ತಿತ್ತು. ಅವರು ಗಿರಾಕಿಗಳ ಸ್ಟೂಲಿನ ಮೇಲೆ ಕೂತರು. "ಆವತ್ತು ಬೆಳಿಗ್ಗೆ ನಾನು ಎಷ್ಟು ಸುತ್ತು ಓಡಿಸ್ದೆ ಅಂತ ಹನ್ನೊಂದು ವರ್ಷದಿಂದ ಎಣಿಸ್ತಿದೀನಮ್ಮ. ಆರು. ಆರೇ ಸುತ್ತು" ಎಂದರು. ಆಮೇಲೆ "ಅವಳಿಗೆ ಹೇಳಿದ್ರಾ?" ಎಂದು ಕೇಳಿದರು. ಬರೆಯುತ್ತಿದ್ದೇನೆ ಎಂದೆ. ಮಾತ್ರೆಯನ್ನು ಗಲ್ಲಾದ ಮೇಲೆಯೇ ಬಿಟ್ಟು ಹೋಗಿದ್ದರು, ಭಾವ ಬೀದಿಯ ಕೊನೆಯವರೆಗೆ ಓಡಿ ಕೊಟ್ಟು ಬಂದರು.

ಅವರಿಗೆ ಒಂದು ಸಾಲು ಬರೆ ಚೂಟಿ. ನನಗೆ ಬರೆಯದಿದ್ದರೂ ಪರವಾಗಿಲ್ಲ, ಅವರಿಗೆ ಬರೆ.

ನನ್ನ ಅಂಗಡಿಯಲ್ಲಿ ಈಗ ಡಾಕ್ಟರ ಚೀಟಿ ಇಲ್ಲದೆ ಆ ಮಾತ್ರೆ ಯಾರಿಗೂ ಇಲ್ಲ. ಚೀಟಿ ತಂದವರಿಗೂ ನಾನು ಡಾಕ್ಟರಮ್ಮನ ಪ್ರಶ್ನೆಗಳನ್ನೆಲ್ಲ ಕೇಳುತ್ತೇನೆ. ನರ ಎಳೆದರೆ, ಕೈಕಾಲು ಜೋಮು ಹಿಡಿದರೆ, ತಲೆ ಮಂಕಾದರೆ ಮುಂದಿನ ಮಾತ್ರೆ ನುಂಗದೆ ಕೂಡಲೇ ಡಾಕ್ಟರಿಗೆ ಹೇಳಿ ಎನ್ನುತ್ತೇನೆ. ಕೆಲವರು "ಏನ್ರೀ, ಪೊಲೀಸ್ ವಿಚಾರಣೆ!" ಎಂದು ಗೊಣಗುತ್ತಾರೆ. ಗೊಣಗಲಿ. ಆ ಮಾತ್ರೆಯಿಂದಲೇ ನನ್ನ ಜೀವ ಉಳಿಯಿತು, ಅದನ್ನು ನಾನು ಹಳಿಯುವುದಿಲ್ಲ. ಅದನ್ನು ಗಂಟಲು ನೋವಿಗೆ ಕೊಟ್ಟವಳು ನಾನು.

ನಿನ್ನ ಗ್ರಂಥಾಲಯದ ಕೆಲಸ ಚೆನ್ನಾಗಿ ಸಾಗಲಿ. ಕಣ್ಣಿಗೆ ನಿದ್ದೆ, ಹೊಟ್ಟೆಗೆ ಹಸಿವು, ಜೊತೆಗೆ ನಗುವವರು, ನಿನಗೆ ಯಾವತ್ತೂ ಕಡಿಮೆಯಾಗದಿರಲಿ.

ನಿನ್ನ
ಅಕ್ಕ

ಮರೆತ ಮಾತು: ಆ ಎಚ್ಚರಿಕೆಯ ಹಾಳೆಯನ್ನು ಇದರ ಜೊತೆ ಇಟ್ಟಿದ್ದೇನೆ. ಹಿಮ್ಮಡಿಯ ವಿಷಯ ಬರುವ ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಇದೆ. ಗೆರೆ ಮಾಸಿದೆ, ನೋಡು, ಅದು ಒಂಬತ್ತು ವರ್ಷದ ಹಿಂದೆಯೇ ಎಳೆದದ್ದು. ಅದನ್ನು ಎಳೆದ ಮರುತಿಂಗಳೇ ನೀನು ಬಂದಿದ್ದೆ. ಮೆಟ್ಟಿಲು ಹತ್ತುವ ಸದ್ದು ಕೇಳಿತು, ಒಂದು ಗಟ್ಟಿ ಹೆಜ್ಜೆ, ಒಂದು ಎಳೆಯುವ ಹೆಜ್ಜೆ. ಅದನ್ನು ಕೇಳಲಾರದೆ ನಾನು ನಲ್ಲಿಯನ್ನು ಜೋರಾಗಿ ತಿರುಗಿಸಿದೆ. ಅಲ್ಲಿಂದ ಈಚೆಗೆ ನೀನು ಬರುತ್ತೇನೆ ಎಂದಾಗಲೆಲ್ಲ ಸುಣ್ಣ ಹೊಡೆಸುತ್ತಿದ್ದೇವೆ, ಭಾವನ ಬೆನ್ನು ಹಿಡಿದಿದೆ, ಅಂಗಡಿಯಲ್ಲಿ ಪುರುಸೊತ್ತಿಲ್ಲ ಎಂದೆನಲ್ಲ, ಒಂದೂ ನಿಜವಲ್ಲ. ನಿನ್ನನ್ನು ಈ ಮನೆಗೆ ಬಾರದ ಹಾಗೆ ಮಾಡಿದವಳು ನಾನೇ. ಮೆಟ್ಟಿಲು ಈಗಲೂ ಹದಿನಾಲ್ಕೇ ಇವೆ. ಮನಸ್ಸಾದರೆ ಬಾ. ನಿಧಾನವಾಗಿ ಹತ್ತು. ನಲ್ಲಿ ತಿರುಗಿಸುವುದಿಲ್ಲ.