ನಿನ್ನೆ ನಾನು ನಕ್ಕದ್ದು

ಫಕ್ಕೀರಾ,

ಮೆಣಸಿನಕಾಯಿ ಬಿಡಿಸುವ ಆಳುಗಳು ಬಂದರು, ಅದಕ್ಕೇ ನಿನ್ನನ್ನು ಎಬ್ಬಿಸದೆ ಹೊಲಕ್ಕೆ ಹೊರಟೆ. ಅಪ್ಪನ ಉತ್ತರಕ್ರಿಯೆ ಮುಗಿಯಿತೆಂದು ನೀನು ಬ್ಯಾಗು ಕಟ್ಟಿಟ್ಟದ್ದನ್ನು ನೋಡಿದೆ. ಇದನ್ನು ಓದದೆ ಹುಬ್ಬಳ್ಳಿ ಬಸ್ಸು ಹತ್ತಬೇಡ.

ನಿನ್ನೆ ನೀನು, "ಅಕ್ಕಾ, ಕಲ್ಮೇಶ ಬರೇ ರೂಮಿನ ಗೆಳ್ಯಾ ಅಲ್ಲ, ನಾವಿಬ್ರೂ ಗಂಡ ಹೆಂಡ್ತಿ ಇದ್ದಂಗ ಅದೀವಿ" ಅಂದಾಗ ನಾನು ನಕ್ಕೆ. ನಿನ್ನನ್ನು ನೋಡಿ ನಗಲಿಲ್ಲ, ಹುಚ್ಚಾ. ಅರುಣಾ ನಮ್ಮ ಮನೆಯಲ್ಲಿರುವುದು ಹೊಲಿಗೆ ಕಲಿಯಲು ಎಂದು ಅಪ್ಪನಿಗೂ ಊರಿಗೂ ಹೇಳಿದ್ದೆ. ಅವಳಿಗೆ ಇವತ್ತಿಗೂ ಸೂಜಿಗೆ ದಾರ ಪೋಣಿಸಲು ಬರುವುದಿಲ್ಲ. ನಾವೂ ನಿಮ್ಮ ಹಾಗೆಯೇ.

ಹೊಲ ಮಾರೆಂದು ಜಗಳ ತೆಗೆದು ನೀನು ಮನೆ ಬಿಟ್ಟೆ ಎಂದಿದ್ದ ಅಪ್ಪ. ಕಲ್ಮೇಶನ ಸಲುವಾಗಿ ಬಿಟ್ಟೆ ಎಂಬ ನಿಜ ಗೊತ್ತಿದ್ದರೆ ಇಷ್ಟು ವರ್ಷ ಮಾತು ಬಿಡುತ್ತಿದ್ದೆನೇ? ಈಗ ಜಗಳಾಡೋಣವೆಂದರೆ ಅಪ್ಪನೇ ಇಲ್ಲ. ಅದಕ್ಕೂ ಅಳು ಬರುತ್ತದೆ.

ಬುಟ್ಟಿಯಲ್ಲಿ ರೊಟ್ಟಿ ಇದೆ, ಝುಣಕ ಬಿಸಿ ಮಾಡಿಕೋ. ಎಮ್ಮೆಗೆ ನೀರು ಕುಡಿಸು, ಒದೆಯುತ್ತದೆ, ದೂರ ನಿಲ್ಲು. ಕಲ್ಮೇಶನಿಗೆ ಫೋನ್ ಮಾಡಿ ನಮ್ಮ ಯರಗುಪ್ಪಿಗೆ ಬರಹೇಳು.

ಅರುಣಾ ಹಿತ್ತಲಲ್ಲಿದ್ದಾಳೆ, ನಿನಗಿಂತ ಹೆಚ್ಚು ನಾಚಿಕೊಂಡಿದ್ದಾಳೆ. ಏನೆಂದು ಕರೆಯಲಿ ಎಂದು ತಡವರಿಸಬೇಡ. "ವೈನಿ, ಚಹಾ ಕೊಡ್ರಿ" ಅನ್ನು. ಹಾಗೆ ಕರೆಯಲು ಅವಳಿಗೆ ಬೇರೆ ಮೈದುನರಿಲ್ಲ.

ನಿನ್ನ ಅಕ್ಕ,
ಸೀಮಾ