ಒಲ್ಲೆನೂಲು

ಶಾಲಿವಾಹನ ಶಕೆ ೨೧೩೧, ಸೌಮ್ಯ ಸಂವತ್ಸರ, ಚೈತ್ರ ಬಹುಳ ಚೌತಿ, ನಡು ಮಧ್ಯಾಹ್ನ
ಮಲಪ್ರಭೆಯ ದಂಡೆ, ನೇಕಾರರ ಓಣಿ

ನನಗಿಂತ ಎಷ್ಟೋ ತಲೆಮಾರು ಹಿಂದೆ ಬದುಕಿರುವ ಹಿರಿಯರಿಗೆ ಶಾಕಂಬರಿಯ ನಮಸ್ಕಾರ.

ಈ ತಾರೀಖು ನಿಮಗೆ ಚೇಷ್ಟೆಯಂತೆ ಕಾಣಬಹುದು. ನನ್ನ ಕೆಲವು ಮಾತುಗಳೂ ತಿಳಿಯಲಿಕ್ಕಿಲ್ಲ, ಹೊಟ್ಟೆಗೆ ಹಾಕಿಕೊಳ್ಳಿ. ಸಂವತ್ಸರದ ಹೆಸರೇನೋ ಸೌಮ್ಯ. ಹೊರಗೆ ಹೆಜ್ಜೆ ಇಟ್ಟರೆ ಅಂಗಾಲು ಸುಡುತ್ತದೆ.

ನಾವು ಉಡುವುದು ಒಲ್ಲೆನೂಲಿನ ಬಟ್ಟೆ. ನೀರು ತಾಗಿದರೆ ಒಲ್ಲೆ ಎನ್ನುವ ನೂಲು ಅದು. ಎಳೆಯ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ನವಿರು ಬೆಳೆದಿರುತ್ತದೆ. ಹನಿಗೆ ಕಾಲೂರಲು ಜಾಗ ಸಿಗದೆ ಉರುಳಿ ಬೀಳುತ್ತದೆ. ಎಣ್ಣೆಯೂ ಅಷ್ಟೆ. ಬತ್ತಿ ಎಣ್ಣೆ ಹೀರುವುದಿಲ್ಲವಾದ್ದರಿಂದ ಬನಶಂಕರಿಯ ಮುಂದೆ ದೀಪ ಉರಿದದ್ದನ್ನು ನಾನು ನೋಡಿಯೇ ಇಲ್ಲ. ಬಣ್ಣ ಹತ್ತುವುದಿಲ್ಲ, ಹಾಗಾಗಿ ಮದುಮಗಳೂ ಮುದುಕಿಯೂ ಒಂದೇ ಮಾಸಲು ಬಿಳಿ ಉಡುತ್ತೇವೆ. ಬೆವರು ಬಟ್ಟೆಯ ಒಳಗೇ ಹರಿದು ಹಿಮ್ಮಡಿಗೆ ಇಳಿಯುತ್ತದೆ. ಒದ್ದೆ ಕೆಳಗಿಳಿಯಲೆಂದು ತೊಟ್ಟಿಲಲ್ಲಿ ಕೂಸಿನ ಕೆಳಗೆ ಜರಡಿ ಹಿಡಿದ ಮರಳು ಹರವುತ್ತೇವೆ.

ಇದನ್ನು ಕಂಡುಹಿಡಿದವನು ನನ್ನ ಮುತ್ತಜ್ಜನ ಅಜ್ಜ ಮಾಗುಂಡಪ್ಪ. ಕೆಟ್ಟವನಾಗಿದ್ದರೆ ಬೈದು ಹಗುರಾಗುತ್ತಿದ್ದೆ. ಮಳೆಯಲ್ಲಿ ದುಡಿಯುವವರ ಮೈ ಒಣಗಿರಲಿ ಎಂಬುದಷ್ಟೇ ಅವನ ಆಸೆ. ಹಾಸಿನ ನೂಲು ಗಟ್ಟಿಯಾಗಲೆಂದು ಮಗ್ಗಕ್ಕೆ ಏರಿಸುವ ಮೊದಲು ಗಂಜಿ ಹಾಕುತ್ತೇವಲ್ಲ, ಆ ಗಂಜಿಯಲ್ಲೇ ಅವನು ನವಿರನ್ನು ಬೆಳೆಸಿದ. ಹಾಲಿಗೆ ಹೆಪ್ಪು ಹಾಕಿದ ಹಾಗೆ, ಒಂದು ಎಳೆಗೆ ತಾಗಿದರೆ ಮಗ್ಗುಲಿನ ಎಳೆಗೆ ತಾನೇ ಹಬ್ಬುವ ಗಂಜಿ. ಉಳಿದದ್ದನ್ನು ಸುಟ್ಟುಬಿಡಬೇಕೆಂದು ಗೋಡೆಗೆ ಬರೆದು ಅಂಟಿಸಿದ್ದವನೂ ಅವನೇ. ಆದರೆ ನೇಕಾರರ ಮನೆಯಲ್ಲಿ ಗಂಜಿ ಎಂದರೆ ಅನ್ನ. ಅವನ ತಾಯಿ ಅಡ್ಡ ಬಂದಳು. "ಅನ್ನಕ್ಕ ಬೆಂಕಿ ಹಚ್ತೀಯೇನೋ? ಹತ್ತಿ ಹೊಲಕ್ಕರೆ ಹಾಕು, ಭೂಮಿತಾಯಿ ಉಣ್ಲಿ," ಅಂದಳಂತೆ. ತಾಯಿಯ ಮಾತು ಮೀರದ ಮಗ ಕೊಡ ಹೊತ್ತು ಹೋಗಿ ಸುರಿದು ಬಂದ.

ಭೂಮಿತಾಯಿ ಉಂಡಳು. ಮರುವರ್ಷ ಗಿಡದಲ್ಲಿ ಒಡೆದ ಹತ್ತಿಯೇ ನೀರನ್ನು ಒಲ್ಲೆ ಎಂದಿತು, ಆಮೇಲೆ ಪೆಟ್ಟಿಗೆಯಲ್ಲಿದ್ದ ಹಳೆ ಬಟ್ಟೆ, ಆಮೇಲೆ ಮಣ್ಣು. ಈಗ ಮಳೆ ಬಂದರೆ ನೆಲದ ಮೇಲೆ ಗೋಲಿಯ ಹಾಗೆ ಉರುಳಿ ಹೊಳೆ ಸೇರಿ ಹೋಗುತ್ತದೆ, ಬಾವಿಗೆ ಒಂದು ಹನಿಯೂ ಇಳಿಯುವುದಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಮಾಡಿದವರು ಯಾರೋ, ಉಣ್ಣುತ್ತಿರುವವರು ನಾವು.

ನನ್ನ ಮೊಮ್ಮಗಳು ಸಂಗವ್ವನಿಗೆ ಎಂಟು ತಿಂಗಳು. ಮೂರು ದಿನದಿಂದ ಮೈ ಕೆಂಡವಾಗಿದೆ. ಬೇಸಿಗೆಗೆ ಹೊಳೆಯೂ ಬತ್ತಿದೆ, ಮನೆಗೆ ದಿನಕ್ಕೆ ಸಿಗುವುದು ಎರಡು ತಂಬಿಗೆ ನೀರು. ಜ್ವರ ಬಂದರೆ ನಿಮ್ಮ ಕಾಲದಲ್ಲಿ ಹಣೆಗೆ ತಣ್ಣೀರು ಪಟ್ಟಿ ಹಾಕುತ್ತಿದ್ದಿರಂತೆ, ಎರಡು ಬೊಗಸೆ ನೀರಿನಲ್ಲಿ ಇಡೀ ಹಗಲು ಕಳೆಯುತ್ತಿತ್ತಂತೆ. ನಿಮ್ಮ ಮನೆಯ ಮೂಲೆಯಲ್ಲಿ ಬಿದ್ದಿರುವ ಹರಕು ಸೀರೆಯ ಒಂದು ಗೇಣು ಚೂರಿಗೆ ನಾನು ಈ ಮನೆ, ಮಗ್ಗ ಎರಡನ್ನೂ ಕೊಟ್ಟೇನು. ಸುರಿದ ನೀರು ಕೂಸಿನ ಮೈ ತಣಿಯುವ ಮೊದಲೇ ಜಾರಿ ಮರಳು ಸೇರುತ್ತದೆ. ಅದಕ್ಕೇ ಮಗಳು ಪಾರ್ವತೆವ್ವ, ನಾನು ಸರದಿಯಂತೆ ಅಂಗೈ ಅದ್ದಿ ಹಣೆಗೆ ಒತ್ತುತ್ತಿದ್ದೇವೆ. ಅಂಗೈ ಬೇಗ ಬಿಸಿಯಾಗುತ್ತದೆ. ನನಗೆ ಭಯವಾಗಿದೆ, ಮಗಳ ಮುಂದೆ ಹೇಳಿಲ್ಲ.

ಮಾಗುಂಡಪ್ಪನ ತಾಯಿ ಈಗ ನಿಮ್ಮ ನಡುವೆಯೇ ಇರಬೇಕು. ಹೆಸರು ನಮಗೆ ಉಳಿದಿಲ್ಲ. ಸಿಕ್ಕರೆ ಬೈಯಬೇಡಿ. ಪಕ್ಕದಲ್ಲಿ ಕೂತು, ಎಲ್ಲ ಗಂಜಿಯೂ ಅನ್ನವಲ್ಲ ತಾಯಿ ಎಂದು ತಿಳಿಸಿ ಹೇಳಿ.

ಇನ್ನೂ ಬರೆಯುವುದಿತ್ತು. ಪಾರ್ವತೆವ್ವನ ಕೈ ಸೋತಿದೆ, ಕೂಸು ಅಳುವುದನ್ನು ನಿಲ್ಲಿಸಿದೆ. ಬರೆಯುತ್ತಿರುವ ಈ ಕೈ ಅದರ ಹಣೆಗೆ ಬೇಕು.